ಉರಿಗಾಂನಿಂದ ಲಂಡನ್ನಿಗೆ: ಶಾಕಾಹಾರಿಯ ಊಟದ ದಾರಿ

ನಮ್ಮ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರು ಮಂಡಿನೋವು, ಮಧುಮೇಹ, ಮಲಬದ್ಧತೆಗಳ ಜೊತೆಗೆ ಈಚಿನ ಹತ್ತು ಹನ್ನೆರಡು ವರ್ಷಗಳಿಂದ ಇನ್ನೊಂದು ಚಿಂತೆಯನ್ನೂ ಹೊತ್ತು ತರುತ್ತಿದ್ದಾರೆ. ಮಗನೋ ಮಗಳೋ ಲಂಡನ್ನಿನಲ್ಲಿದ್ದಾರೆ. ಬಾಣಂತನಕ್ಕೋ ಗೃಹಪ್ರವೇಶಕ್ಕೋ ಹೋಗಬೇಕಾಗಿದೆ. ವೀಸಾ ಬಂದಿದೆ, ಟಿಕೇಟೂ ಆಗಿದೆ. ಆದರೆ ಅಲ್ಲಿ ಆರು ತಿಂಗಳು ಉಣ್ಣುವುದೇನು? ಹೀಗೆ ಕೇಳುವಾಗ ಕೆಲವರ ದನಿಯಲ್ಲಿ ಸಂಕೋಚವಿರುತ್ತದೆ, ಊಟದಂಥ ಸಣ್ಣ ವಿಷಯಕ್ಕೆ ವೈದ್ಯರನ್ನು ಕೇಳುವುದೆ ಎಂದು. ನಮ್ಮ ಶಾಸ್ತ್ರದಲ್ಲಿ ಅದು ಸಣ್ಣ ವಿಷಯವಲ್ಲ. ಶರೀರವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳಲ್ಲಿ ಚರಕಾಚಾರ್ಯರು ಮೊದಲಿಗೆ ಹೆಸರಿಸಿರುವುದು ಆಹಾರವನ್ನೇ. ನಿದ್ರೆ, ಬ್ರಹ್ಮಚರ್ಯಗಳು ಅನಂತರ ಬರುತ್ತವೆ.

ಉರಿಗಾಂನವರಿಗೆ ಲಂಡನ್ ಹೊಸ ಹೆಸರೇನೂ ಅಲ್ಲ. ನಮ್ಮ ಊರಿನ ಗಣಿಯನ್ನು ನಡೆಸಿದ ಊರೆಗಂ ಗೋಲ್ಡ್ ಮೈನಿಂಗ್ ಕಂಪನಿಯು ಲಂಡನ್ನಿನಲ್ಲಿ ನೋಂದಣಿಯಾಗಿದ್ದ ಸಂಸ್ಥೆ. ಗಣಿಗಳ ಆಡಳಿತವನ್ನು ನೋಡಿಕೊಂಡ ಜಾನ್ ಟೇಲರ್ ಅಂಡ್ ಸನ್ಸ್ ಕೂಡ ಆ ನಗರದವರೇ. ಈ ಕಂಪನಿಯ ಶೇರುಗಳ ಕುರಿತ ಮೊಕದ್ದಮೆಯೊಂದು 1892ರಲ್ಲಿ ಅಲ್ಲಿಯ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ ತೀರ್ಮಾನವಾದ ಕಾರಣ, ಕಾನೂನು ಓದುವ ವಿದ್ಯಾರ್ಥಿಗಳು ಇಂದಿಗೂ ನಮ್ಮ ಊರಿನ ಹೆಸರನ್ನು ಉರುಹೊಡೆಯುತ್ತಾರೆ. ಅಂದು ಚಿನ್ನ ಆ ಕಡೆಗೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಮಕ್ಕಳು ಹೊರಟರು. ಮೊದಲು ಉರಿಗಾಂ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ, ಅಲ್ಲಿಂದ ಕೆಲವರು ಸಮುದ್ರದಾಚೆಗೆ. ಈಗ ಅವರ ಹಿಂದೆ ಹೋಗುತ್ತಿರುವವರು ತಂದೆತಾಯಿಗಳು.

ಬಂಗಾರಪೇಟೆಯ ಕಡೆಯ ಒಬ್ಬ ತಾಯಿಯ ವಿಷಯವನ್ನು ಹೇಳಲೇಬೇಕು. ವಯಸ್ಸು 68. ಸೊಸೆಯ ಬಾಣಂತನಕ್ಕೆಂದು ಅಕ್ಟೋಬರಿನಲ್ಲಿ ಹೋಗಿ ಮಾರ್ಚಿನಲ್ಲಿ ಹಿಂದಿರುಗಿದರು. ಬಂದವರನ್ನು ನಾವು ಗುರುತಿಸಲಾರದಷ್ಟು ಇಳಿದುಹೋಗಿದ್ದರು. 9 ಕಿಲೋ ತೂಕ ಕಡಿಮೆಯಾಗಿತ್ತು, ಹಿಮೋಗ್ಲೋಬಿನ್ 8ರ ಆಸುಪಾಸಿಗೆ ಬಂದಿತ್ತು. ಕಾರಣ ಕೇಳಿದಾಗ ಮೊದಲು "ಅಲ್ಲಿಯ ಹವೆ ಒಗ್ಗಲಿಲ್ಲ" ಎಂದರು. ನಿಧಾನವಾಗಿ ನಿಜ ಹೊರಬಂತು. ಮಗನ ಮನೆಯಲ್ಲಿ ಒಂದೇ ಬಾಣಲೆ. ಅದರಲ್ಲಿ ಬೆಳಗ್ಗೆ ಮೊಟ್ಟೆ ಬೇಯಿಸುವುದನ್ನು ಅವರು ಕಂಡಿದ್ದರು. ಲಿಂಗಪೂಜೆಯ ನಂತರವೇ ಪ್ರಸಾದವೆಂದು ಉಣ್ಣುವ ಹೆಂಗಸು. ಮಗನಿಗೆ ಹೇಳಿದರೆ ನೊಂದುಕೊಂಡಾನು, ಸೊಸೆ ಹಸಿ ಬಾಣಂತಿ ಬೇರೆ, ಎಂದು ಒಂದು ಮಾತೂ ಆಡದೆ ಐದು ತಿಂಗಳು ಬ್ರೆಡ್ಡು, ಬಾಳೆಹಣ್ಣು, ಹಾಲು, ಚಹಾಗಳಲ್ಲಿ ದಿನ ದೂಡಿದರು. ಕೇಳಿದಾಗಲೆಲ್ಲ "ಹಸಿವಿಲ್ಲಪ್ಪ" ಎನ್ನುತ್ತಿದ್ದರು. ಕೊನೆಕೊನೆಗೆ ಕೈ ನಡುಗುತ್ತಿದ್ದುದರಿಂದ ಮೊಮ್ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದರಂತೆ. ಯಾವ ಮಗುವಿಗಾಗಿ ಹೋಗಿದ್ದರೋ ಆ ಮಗುವನ್ನೇ ಎತ್ತಲಾಗಲಿಲ್ಲ.

ಇದರಲ್ಲಿ ಆಯುರ್ವೇದದ ದೃಷ್ಟಿಯಿಂದ ತಿಳಿಯಬೇಕಾದ ಒಂದು ಸಂಗತಿಯಿದೆ. ಚಳಿಗಾಲದಲ್ಲಿ ಹೊರಗಿನ ಶೈತ್ಯವು ದೇಹದ ಉಷ್ಣವನ್ನು ಒಳಗೇ ತಡೆಯುವುದರಿಂದ ಜಠರಾಗ್ನಿ ಬಲಗೊಳ್ಳುತ್ತದೆ. ಆ ಅಗ್ನಿಗೆ ತಕ್ಕ ಇಂಧನ ಸಿಗದಿದ್ದರೆ ಅದು ದೇಹದ ರಸಧಾತುವನ್ನೇ ಸುಡುತ್ತದೆ, ವಾತ ಕೆರಳುತ್ತದೆ ಎಂದು ಚರಕಸಂಹಿತೆಯ ಋತುಚರ್ಯೆಯ ಅಧ್ಯಾಯವು ಹೇಳುತ್ತದೆ. ನಮ್ಮ ಕೋಲಾರದ ಬಿಸಿಲಿನಲ್ಲಿ ಒಪ್ಪೊತ್ತಿನ ಉಪವಾಸ ದೇಹಕ್ಕೆ ಹಗುರ ತರಬಹುದು. ಲಂಡನ್ನಿನ ಡಿಸೆಂಬರಿನಲ್ಲಿ ಅದೇ ಉಪವಾಸ ಧಾತುಕ್ಷಯ ತರುತ್ತದೆ. ದೇಶ, ಕಾಲ, ಸಾತ್ಮ್ಯಗಳನ್ನು ನೋಡಿ ಉಣ್ಣಬೇಕೆಂಬ ಮಾತಿನ ಅರ್ಥ ಇದೇ.

ಆ ತಾಯಿಯ ಮಗ ನಮಗೆ ಫೋನ್ ಮಾಡಿ ಬಹಳ ಹೊತ್ತು ಮಾತನಾಡದೆ ಉಳಿದರು. ಆಮೇಲೆ "ಒಂದು ಬಾಣಲೆ ತರಲು ಹತ್ತು ನಿಮಿಷ ಸಾಕಿತ್ತಲ್ಲ ಡಾಕ್ಟರೇ" ಎಂದರು. ಮುಂದಿನ ವರ್ಷ ತಾಯಿ ಮತ್ತೆ ಹೋದಾಗ ಒಂದು ಬಾಣಲೆ, ಒಂದು ಕುಕ್ಕರು, ಎರಡು ಸೌಟುಗಳನ್ನು ಅವರಿಗೆಂದೇ ಬೇರೆ ಇಟ್ಟರು. ಹೊರಡುವ ಹಿರಿಯರಿಗೆ ನಮ್ಮ ಮೊದಲ ವೈದ್ಯಕೀಯ ಸಲಹೆ ಇದು: ವಿಮಾನ ಹತ್ತುವ ಮುನ್ನವೇ ಮಕ್ಕಳೊಡನೆ ಪಾತ್ರೆಯ ಮಾತನ್ನು ಆಡಿಬಿಡಿ. ಮಕ್ಕಳು ಅಲ್ಲಿ ಏನು ತಿನ್ನುತ್ತಾರೆಂಬ ವಿಚಾರಣೆ ಬೇಡ. ನಿಮಗೆ ಏನು ಬೇಕೆಂಬುದನ್ನು ಮಾತ್ರ ಹೇಳಿ.

ಮೊಟ್ಟೆಯ ಈ ತೊಡಕು ಇಂದಿನದಲ್ಲ. 1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಗಾಂಧೀಜಿಯವರು ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಮೊದಲ ದಿನಗಳಲ್ಲಿ ಅರೆಹೊಟ್ಟೆಯಲ್ಲಿ ಅಲೆದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಶಾಕಾಹಾರಿ ಭೋಜನಗೃಹವನ್ನು ಕಂಡು ಹೊಟ್ಟೆತುಂಬ ಉಂಡರು. ಆದರೆ ಮಾಂಸವೆಂದರೇನು ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಮೂರು ವ್ಯಾಖ್ಯೆಗಳಿದ್ದವು. ಕೆಲವರಿಗೆ ಪ್ರಾಣಿಪಕ್ಷಿಗಳ ಮಾಂಸ ಮಾತ್ರ ವರ್ಜ್ಯ, ಕೆಲವರಿಗೆ ಮೀನೂ ಸೇರಿ, ಇನ್ನು ಕೆಲವರಿಗೆ ಮೊಟ್ಟೆಯೂ ಸೇರಿ. ಅವರು ಕೆಲವು ದಿನ ಮೊಟ್ಟೆ ತಿಂದು ನೋಡಿ, ತಾಯಿಯ ಮನಸ್ಸಿನಲ್ಲಿದ್ದ ವ್ಯಾಖ್ಯೆಯೇ ತಮಗೆ ಪ್ರಮಾಣವೆಂದು ಬಿಟ್ಟರು. ಬಿಟ್ಟ ಮೇಲೆ ಶಾಕಾಹಾರಿ ಭೋಜನಗೃಹಗಳಲ್ಲಿಯೂ ಪ್ರತಿಯೊಂದು ಪುಡ್ಡಿಂಗಿನಲ್ಲಿ, ಕೇಕಿನಲ್ಲಿ ಮೊಟ್ಟೆಯಿದೆಯೆ ಎಂದು ಕೇಳುತ್ತ ಕೂರಬೇಕಾಯಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಸ್ಥಿತಿ ಇಂದಿಗೂ ಹಾಗೆಯೇ ಇದೆ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಮೊಟ್ಟೆಯಿಲ್ಲವೆಂಬುದನ್ನೂ ಸೂಚಿಸುತ್ತದೆ. ಬ್ರಿಟನ್ನಿನಲ್ಲಿ ಅಂಥ ಕಡ್ಡಾಯ ಚುಕ್ಕೆಯಿಲ್ಲ. ಅಲ್ಲಿ 'ವೆಜಿಟೇರಿಯನ್' ಎಂದರೆ ಮೊಟ್ಟೆಯಿರಬಹುದು. 'ವೀಗನ್' ಎಂದು ಬರೆದಿದ್ದರೆ ಮೊಟ್ಟೆಯನ್ನೂ ಹಾಲನ್ನೂ ಸೇರಿಸಿ ಮಾಡಿದ್ದಲ್ಲ. ಆದ್ದರಿಂದ ಹೊರಗೆ ತಿನ್ನುವಾಗ ವೀಗನ್ ತಿನಿಸನ್ನು ಆರಿಸಿ, ಹಾಲು ಮೊಸರನ್ನು ಮನೆಯಲ್ಲಿ ಸೇವಿಸುವುದು ನಮ್ಮವರಿಗೆ ಸುಲಭೋಪಾಯ. ಇನ್ನೊಂದು ಅನುಕೂಲವೂ ಉಂಟು. ಅಲರ್ಜಿಯುಳ್ಳವರ ರಕ್ಷಣೆಗಾಗಿ ಅಲ್ಲಿಯ ಕಾನೂನು 14 ಪದಾರ್ಥಗಳನ್ನು ಪೊಟ್ಟಣದ ಮೇಲೆ ಎದ್ದುಕಾಣುವಂತೆ, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ, ಮುದ್ರಿಸಬೇಕೆನ್ನುತ್ತದೆ. ಮೊಟ್ಟೆ, ಮೀನು, ಸೀಗಡಿಯ ಜಾತಿ, ಚಿಪ್ಪುಜೀವಿಗಳು ಇವುಗಳಲ್ಲಿ ಸೇರಿವೆ. 2021ರ ಅಕ್ಟೋಬರಿನಿಂದ ಅಂಗಡಿಯಲ್ಲೇ ತಯಾರಿಸಿ ಕಟ್ಟಿಟ್ಟ ಸ್ಯಾಂಡ್‌ವಿಚ್ಚಿಗೂ ಈ ನಿಯಮ ಬಂದಿದೆ. ಹೋಟೆಲಿನಲ್ಲಿಯೂ ಈ ಪಟ್ಟಿಯನ್ನು ಕೇಳಬಹುದು, ಯಾರೂ ಬೇಸರಿಸುವುದಿಲ್ಲ.

ಆದರೆ ದಪ್ಪಕ್ಷರ ಎಲ್ಲವನ್ನೂ ಹೇಳದು. ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆಯುವ ಜೆಲಟಿನ್ ಮಕ್ಕಳ ಮಿಠಾಯಿಗಳಲ್ಲಿ, ಕೆಲವು ಮೊಸರಿನ ತಿನಿಸುಗಳಲ್ಲಿ ಇರುತ್ತದೆ. ಇಟಲಿಯ ಪಾರ್ಮಿಜಾನೊ ಚೀಸನ್ನು ಕರುವಿನ ಜಠರದ ರೆನೆಟ್ಟಿನಿಂದಲೇ ಹೆಪ್ಪುಗಟ್ಟಿಸುತ್ತಾರೆ. ಆದ್ದರಿಂದ ಪೀತ್ಸಾ, ಪಾಸ್ತಾಗಳ ಮೇಲೆ ಉದುರಿಸುವ ಪುಡಿ ಯಾವುದೆಂದು ಕೇಳಬೇಕು. ಇ120 ಎಂಬ ಕೆಂಪು ಬಣ್ಣ ಕೀಟದಿಂದ ಬಂದದ್ದು. ಕೆಲವು ಅಂಗಡಿಗಳು ಆಲೂಗಡ್ಡೆಯ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತವೆ, ಕೆಲವು ಮೀನು ಕರಿದ ಎಣ್ಣೆಯಲ್ಲೇ. ತರಕಾರಿ ಸೂಪಿನ ತಳದಲ್ಲಿ ಕೋಳಿಯ ಸಾರು ಇರಬಹುದು. ಥಾಯ್ ಅಡುಗೆಯಲ್ಲಿ ಮೀನಿನ ಸಾಸು ಉಪ್ಪಿನಷ್ಟೇ ಸಾಮಾನ್ಯ. ಕ್ರಿಸ್ಮಸ್ ಕಾಲದ ಮಿನ್ಸ್ ಪೈ ಎಂಬುದರಲ್ಲಿ ಹೆಸರಿಗೆ ತಕ್ಕ ಮಾಂಸವಿಲ್ಲದಿದ್ದರೂ ಸಾಂಪ್ರದಾಯಿಕವಾಗಿ ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬು ಸೇರುತ್ತದೆ. ನೆರೆಯವರು ಪ್ರೀತಿಯಿಂದ ತಂದುಕೊಟ್ಟರೆ ಮಕ್ಕಳಿಂದ ಓದಿಸಿ ನೋಡಿ.

ಇಷ್ಟು ಓದಿ ಹೆದರಬೇಕಾಗಿಲ್ಲ. ಯೂರೋಪಿನ ದೊಡ್ಡ ನಗರಗಳಲ್ಲಿ ನಮ್ಮವರಿಗೆ ಲಂಡನ್ನಿನಷ್ಟು ಅನುಕೂಲವಾದದ್ದು ಬೇರೊಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಇದಕ್ಕೆ ಬಹುಮಟ್ಟಿಗೆ ಗುಜರಾತಿಗಳಿಗೆ ಋಣಿಯಾಗಿರಬೇಕು. 1972ರಲ್ಲಿ ಉಗಾಂಡದ ಇದಿ ಅಮೀನನು ಅಲ್ಲಿಯ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ಹೊರಹಾಕಿದಾಗ ಸಾವಿರಾರು ಕುಟುಂಬಗಳು ಬ್ರಿಟನ್ನಿಗೆ ಬಂದವು. ಅವರಲ್ಲಿ ಅನೇಕರು ಕಟ್ಟಾ ಶಾಕಾಹಾರಿಗಳು. ಕೈಯಲ್ಲಿ ಕಾಸಿಲ್ಲದೆ ಬಂದವರು ಕಾಯಕಕ್ಕೆ ಹೆದರದೆ ಕಿರಾಣಿ ಅಂಗಡಿ, ತಿಂಡಿಯಂಗಡಿಗಳನ್ನು ತೆರೆದರು. ಇಂದು ವಾಯವ್ಯ ಲಂಡನ್ನಿನ ವೆಂಬ್ಲಿಯಲ್ಲಿ ಈಲಿಂಗ್ ರಸ್ತೆಯುದ್ದಕ್ಕೂ ನಡೆದರೆ ಪಡವಲ, ಹೀರೆ, ತೊಂಡೆ, ನುಗ್ಗೆಕಾಯಿಗಳು ಬೀದಿಯಲ್ಲೇ ಪೇರಿಸಿಟ್ಟಿರುತ್ತವೆ. ಸಕೋನಿಸ್‌ನಂಥ ಪೂರ್ಣ ಶಾಕಾಹಾರಿ ಉಪಾಹಾರಗೃಹಗಳೂ ಅಲ್ಲಿವೆ. ಆಲ್ಪರ್ಟನ್ ಅಥವಾ ವೆಂಬ್ಲಿ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದರೆ ನಡೆಯುವಷ್ಟೇ ದೂರ.

ಅಲ್ಲಿಂದ ಬಹುದೂರವಲ್ಲದ ನೀಸ್ಡನ್ನಿನಲ್ಲಿ ಭಾರತದಲ್ಲಿ ಕೆತ್ತಿದ ಅಮೃತಶಿಲೆ, ಸುಣ್ಣಕಲ್ಲುಗಳಿಂದ ಕಟ್ಟಿದ ಸ್ವಾಮಿನಾರಾಯಣ ಮಂದಿರವು 1995ರಲ್ಲಿ ಆರಂಭವಾಯಿತು. ಅದರ ಎದುರಿನ ಶಾಯೋನ ಭೋಜನಗೃಹದಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ನಗರದ ನಡುವೆಯೇ ಬೇಕೆಂದರೆ ಸೋಹೊ ಬೀದಿಯ ರಾಧಾಕೃಷ್ಣ ಮಂದಿರಕ್ಕೆ ಸೇರಿದ ಗೋವಿಂದಾಸ್ ಇದೆ. ಅಲ್ಲಿಯೂ ಈರುಳ್ಳಿ ಬೆಳ್ಳುಳ್ಳಿಯಿಲ್ಲ. ಪಾತ್ರೆಯ ಬಗ್ಗೆ ಚಿಂತಿಸುವ ಹಿರಿಯರು ಕಣ್ಣುಮುಚ್ಚಿ ಕುಳಿತು ಉಣ್ಣಬಹುದಾದ ಜಾಗಗಳು ಇವು. ದೋಸೆ, ಇಡ್ಲಿ, ಸಾಂಬಾರಿಗೆ ಮನಸ್ಸು ತುಡಿಯುವವರು ಪೂರ್ವದ ಈಸ್ಟ್ ಹ್ಯಾಮಿಗೆ ಹೋಗಬೇಕು. ತಮಿಳರು, ಮಲಯಾಳಿಗಳು ಹೆಚ್ಚಾಗಿರುವ ಹೈ ಸ್ಟ್ರೀಟ್ ನಾರ್ತ್ ಬೀದಿಯಲ್ಲಿ ಚೆನ್ನೈ ಮಾದರಿಯ ಶಾಕಾಹಾರಿ ಭವನಗಳಿವೆ. ತಮಿಳು ಬಲ್ಲ ನಮ್ಮ ಉರಿಗಾಂನವರಿಗೆ ಅಲ್ಲಿ ಆಂಡರ್ಸನ್‌ಪೇಟೆಗೆ ಬಂದಂತೆಯೇ ಅನ್ನಿಸೀತು. ಒಂದು ಎಚ್ಚರಿಕೆ: ಎಲ್ಲ ಕಡೆಯೂ ದಕ್ಷಿಣ ಭಾರತದ ಹೋಟೆಲೆಂಬ ಫಲಕವಿದ್ದ ಮಾತ್ರಕ್ಕೆ ಶಾಕಾಹಾರಿಯೆಂದು ತಿಳಿಯಬಾರದು. 'ಪ್ಯೂರ್ ವೆಜ್' ಎಂಬ ಮಾತನ್ನು ನೋಡಿಯೇ ಒಳಗೆ ಹೋಗಿ.

ಪಶ್ಚಿಮದ ಸೌಥಾಲಿನಲ್ಲಿರುವ ಹ್ಯಾವ್‌ಲಾಕ್ ರಸ್ತೆಯ ಗುರುದ್ವಾರವನ್ನು ಬೇರೆಯಾಗಿಯೇ ಹೇಳಬೇಕು. 2003ರಲ್ಲಿ ತೆರೆದ ಈ ಕಟ್ಟಡದಲ್ಲಿ ದಿನವೂ ಲಂಗರು ನಡೆಯುತ್ತದೆ. ರೊಟ್ಟಿ, ದಾಲ್, ಪಲ್ಯ, ಪಾಯಸ; ಎಲ್ಲವೂ ಶಾಕಾಹಾರ, ಎಲ್ಲರಿಗೂ ಉಚಿತ. ತಲೆಗೆ ವಸ್ತ್ರ ಮುಚ್ಚಿ, ಪಾದರಕ್ಷೆ ಕಳಚಿ, ಪಂಕ್ತಿಯಲ್ಲಿ ಕುಳಿತರಾಯಿತು. ದಾಸೋಹದ ಪರಂಪರೆಯಲ್ಲಿ ಬೆಳೆದ ನಮ್ಮವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ಬಿಡಬಾರದು; ಸಾಧ್ಯವಾದರೆ ಸ್ವಲ್ಪ ಹೊತ್ತು ಪಾತ್ರೆ ತೊಳೆದುಕೊಟ್ಟು ಬನ್ನಿ.

ಲಂಡನ್ನಿಗೆ ಹೋದ ಸದ್ಭಕ್ತರು ಥೇಮ್ಸ್ ನದಿಯ ದಡದ ಬಸವೇಶ್ವರರ ಪ್ರತಿಮೆಯನ್ನು ನೋಡದೆ ಬರುವುದಿಲ್ಲ. ಲ್ಯಾಂಬೆತ್‌ನ ಹಿಂದಿನ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಅಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಸ್ಥಾಪನೆಯಾದ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಅಲ್ಲಿ ನದಿಯ ಗಾಳಿ ಕೊರೆಯುತ್ತದೆ. ಬಂದವರಿಗೆ ಹಸಿವೂ ಚೆನ್ನಾಗಿಯೇ ಆಗುತ್ತದೆ. ಮನೆಯಿಂದಲೇ ಚಪಾತಿ ಪಲ್ಯದ ಬುತ್ತಿ ಕಟ್ಟಿಕೊಂಡು ಹೋಗುವುದು ಉತ್ತಮ. ಬುತ್ತಿ ಇಲ್ಲದವರು ವಾಕ್ಸಾಲ್ ನಿಲ್ದಾಣದವರೆಗೆ ನಡೆದು, ವಿಕ್ಟೋರಿಯಾ ಮಾರ್ಗದ ರೈಲು ಹತ್ತಿ, ಐದನೆಯದಾದ ವಾರೆನ್ ಸ್ಟ್ರೀಟಿನಲ್ಲೋ ಆರನೆಯದಾದ ಯೂಸ್ಟನ್ನಿನಲ್ಲೋ ಇಳಿಯಲಿ. ಎರಡರ ನಡುವಿರುವ ಡ್ರಮಂಡ್ ಬೀದಿ ಐವತ್ತು ವರ್ಷಗಳಿಂದ ಭಾರತೀಯ ಶಾಕಾಹಾರಕ್ಕೆ ಹೆಸರಾದದ್ದು. 1970ರ ದಶಕದಿಂದ ನಡೆದುಬಂದಿರುವ ದಿವಾನ ಭೇಲ್‌ಪೂರಿ ಹೌಸ್ ಇರುವುದು ಅಲ್ಲಿಯೇ. ಅಲ್ಲಿ ದೋಸೆಯೂ ಸಿಗುತ್ತದೆ, ಚಾಟೂ ಸಿಗುತ್ತದೆ. ನೀರಿನಷ್ಟೇ ತಿಳಿಯಾದ ಪಾನಿಯಿರುವ ಬಂಗಾರಪೇಟೆಯ ಪಾನಿಪುರಿಗೆ ಒಗ್ಗಿದ ನಾಲಗೆಗೆ ಅಲ್ಲಿಯದು ಹೇಗೆನಿಸೀತೆಂಬ ವಿಚಾರದಲ್ಲಿ ನಾವು ಪಕ್ಷಪಾತಿಗಳು, ಹೇಳದಿರುವುದೇ ಲೇಸು.

ಭಾರತೀಯ ಅಂಗಡಿ ಹತ್ತಿರವಿಲ್ಲದಾಗ ಇಂಗ್ಲಿಷರ ಸಾಮಾನ್ಯ ಉಪಾಹಾರಗೃಹದಲ್ಲಿಯೂ ಒಂದು ಒಳ್ಳೆಯ ಊಟ ಸಿಗುತ್ತದೆ. ಸಿಪ್ಪೆಸಹಿತ ಸುಟ್ಟ ದೊಡ್ಡ ಆಲೂಗಡ್ಡೆಯನ್ನು ಸೀಳಿ, ಟೊಮೇಟೊ ರಸದಲ್ಲಿ ಬೇಯಿಸಿದ ಬಿಸಿ ಬೀನ್ಸ್ ಕಾಳನ್ನು ಮೇಲೆ ಸುರಿದು ಕೊಡುತ್ತಾರೆ. ಜಾಕೆಟ್ ಪೊಟೇಟೊ ಎಂದು ಅದರ ಹೆಸರು. ಬಿಸಿಯಾಗಿದೆ, ಕಾಳಿದೆ, ಹೊಟ್ಟೆ ತುಂಬುತ್ತದೆ. ಶೀತಪೆಟ್ಟಿಗೆಯಿಂದ ತೆಗೆದುಕೊಡುವ ತಣ್ಣನೆಯ ಸ್ಯಾಂಡ್‌ವಿಚ್ಚಿಗಿಂತ ಇದು ಎಷ್ಟೋ ಮೇಲು. ತಣ್ಣಗಿನ, ಒಣಗಿದ ಆಹಾರ ವಾತವನ್ನು ಹೆಚ್ಚಿಸುತ್ತದೆ. ಹಿರಿಯರಿಗೆ ಅಲ್ಲಿ ಮೂರನೆಯ ದಿನವೇ ಮಲಬದ್ಧತೆ ಶುರುವಾಗಲು ಅರ್ಧ ಕಾರಣ ಅದು, ಉಳಿದರ್ಧ ಚಳಿಗೆ ನೀರು ಕುಡಿಯದಿರುವುದು. ಒಂದು ಫ್ಲಾಸ್ಕಿನಲ್ಲಿ ಶುಂಠಿ ಹಾಕಿ ಕಾಯಿಸಿದ ನೀರು ಸದಾ ಕೈಚೀಲದಲ್ಲಿರಲಿ.

ಆದರೂ ಆರು ತಿಂಗಳು ಹೋಟೆಲನ್ನು ನಂಬಿ ಇರಲಾಗದು. ಮನೆಯ ಅಡುಗೆಮನೆಯೇ ಆಧಾರ. ರಾಗಿಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಮುದ್ದೆಗೆ ತೊಂದರೆಯಿಲ್ಲ. ಬಸ್ಸಾರಿಗೆ ದಂಟು, ಕೀರೆ ಸಿಗದಿದ್ದರೆ ಪಾಲಕ್, ಮೆಂತ್ಯ, ಜೊತೆಗೆ ಅಲ್ಲಿಯ ಕೇಲ್ ಎಂಬ ಎಲೆಕೋಸಿನ ಬಳಗದ ಸೊಪ್ಪನ್ನು ಸೇರಿಸಬಹುದು. ಕೋಲಾರದವರಿಗೆ ಮಾಗಿಯಲ್ಲಿ ಅವರೆಕಾಳಿಲ್ಲದಿದ್ದರೆ ಚಳಿಗಾಲ ಬಂದಂತೆಯೇ ಅಲ್ಲ. ಅದೂ ಸಿಗುತ್ತದೆ, ಬೇರೆ ಹೆಸರಿನಲ್ಲಿ: ಗುಜರಾತಿ ಅಂಗಡಿಗಳ ಹಿಮಪೆಟ್ಟಿಗೆಯಲ್ಲಿ 'ಪಾಪಡಿ ಲಿಲ್ವಾ' ಎಂದು ಬರೆದ ಪೊಟ್ಟಣವನ್ನು ಕೇಳಿ. 'ತುವರ್ ಲಿಲ್ವಾ' ಎಂದಿದ್ದರೆ ಅದು ಹಸಿ ತೊಗರಿಕಾಳು. ಈ ಎರಡು ಹೆಸರುಗಳನ್ನು ತಿಳಿಸಿದ್ದಕ್ಕಾಗಿ ನಮಗೆ ಬಂದಷ್ಟು ಧನ್ಯವಾದಗಳು ಯಾವ ಕಷಾಯಕ್ಕೂ ಬಂದಿಲ್ಲ.

ವಿಮಾನದ ಊಟವನ್ನು ಮುಂಚಿತವಾಗಿ ಹೇಳಿಡಬೇಕು. ಇಲ್ಲಿ ಹೆಸರು ನೋಡಿ ಮೋಸಹೋಗುವವರು ಹಲವರು. 'ಹಿಂದೂ ಮೀಲ್' ಎಂದು ಕರೆಯುವ ಎಚ್.ಎನ್.ಎಂ.ಎಲ್. ಸಂಕೇತದ ಊಟದಲ್ಲಿ ಮಾಂಸವಿರುತ್ತದೆ. ನಮಗೆ ಬೇಕಾದದ್ದು ಎ.ವಿ.ಎಂ.ಎಲ್., ಎಂದರೆ ಏಷ್ಯನ್ ಶಾಕಾಹಾರಿ ಊಟ. ಈರುಳ್ಳಿ ಬೆಳ್ಳುಳ್ಳಿ ಬೇಡವೆನ್ನುವವರಿಗೆ ಜೈನರ ವಿ.ಜೆ.ಎಂ.ಎಲ್. ಇದೆ. ಪೆಟ್ಟಿಗೆಯಲ್ಲಿ ತುಪ್ಪ, ಪೇಡೆ, ಕೋವಾ, ಮೊಸರುಮೆಣಸಿನಕಾಯಿಗಳನ್ನು ಇಡಬೇಡಿ. ನಮ್ಮ ದೇಶದಿಂದ ಹಾಲಿನ ಉತ್ಪನ್ನಗಳನ್ನು ಅಲ್ಲಿಗೆ ಒಯ್ಯಲು ಅನುಮತಿಯಿಲ್ಲ. ಹಸಿ ತರಕಾರಿಗಳಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಸಾರಿನ ಪುಡಿ, ಹುರಿಹಿಟ್ಟು, ಚಟ್ನಿಪುಡಿಗಳಿಗೆ ಇಂಥ ತೊಡಕಿಲ್ಲ. ಮಧುಮೇಹ, ರಕ್ತದೊತ್ತಡಗಳ ಔಷಧಿಗಳನ್ನು ಕೈಚೀಲದಲ್ಲಿಯೇ, ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳಿ.

ಹೊತ್ತಿನ ವಿಚಾರವೊಂದು ಉಳಿಯಿತು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ. ಡಿಸೆಂಬರಿನಲ್ಲಿ ಬೆಳಗ್ಗೆ 8ಕ್ಕೆ ಸೂರ್ಯೋದಯ, ಮಧ್ಯಾಹ್ನ 4ಕ್ಕೆ ಮುಂಚೆಯೇ ಅಸ್ತ; ಜೂನಿನಲ್ಲಿ ರಾತ್ರಿ 9 ದಾಟಿದರೂ ಬೆಳಕು. ಸೂರ್ಯನನ್ನು ನೋಡಿ ಪೂಜೆ, ಊಟ ಇಟ್ಟುಕೊಳ್ಳುವವರು ಅಲ್ಲಿ ಗಡಿಯಾರವನ್ನೇ ಅನುಸರಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಯಾಣದ ದಿನದ ಪ್ರಮಾಣವನ್ನು ತಮ್ಮ ವೈದ್ಯರಿಂದ ಬರೆಸಿಕೊಂಡೇ ಹೊರಡಬೇಕು. ಮೊದಲ ಎರಡು ದಿನ ಗಂಜಿ, ಹೆಸರುಬೇಳೆ ಕಿಚಡಿಯಂಥ ಲಘು ಆಹಾರ ಸಾಕು. ಆಮೇಲೆ ಅಗ್ನಿ ತಾನಾಗಿಯೇ ಕೇಳುತ್ತದೆ, ಕೇಳಿದಷ್ಟು ಕೊಡಿ. ಬಿಸಿಲು ಕಡಿಮೆಯಿರುವುದರಿಂದ ಶರತ್ಕಾಲ, ಚಳಿಗಾಲಗಳಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವ ಸೇವಿಸುವುದನ್ನು ಪರಿಗಣಿಸಬೇಕೆಂದು ಅಲ್ಲಿಯ ಸರಕಾರದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಆಯುರ್ವೇದದ ವೈದ್ಯರಾದ ನಾವೂ ಅದನ್ನು ಬೇಡವೆನ್ನುವುದಿಲ್ಲ. ಶಾಕಾಹಾರಿಗಳಿಗೆ ಬಿ12 ದೊರೆಯುವುದು ಮುಖ್ಯವಾಗಿ ಹಾಲು ಮೊಸರುಗಳಿಂದ. ವೀಗನ್ ತಿನಿಸನ್ನೇ ಹೆಚ್ಚಾಗಿ ತಿನ್ನುವವರು ಮನೆಯಲ್ಲಿ ಮಜ್ಜಿಗೆ, ಹಾಲನ್ನು ಬಿಡಬಾರದು. ಹೊರಡಲು ಒಂದು ತಿಂಗಳಿರುವಾಗ ಹಿಮೋಗ್ಲೋಬಿನ್, ಬಿ12, ಸಕ್ಕರೆ ಇವಿಷ್ಟನ್ನು ಪರೀಕ್ಷೆ ಮಾಡಿಸಿ, ಆ ಕಾಗದದೊಡನೆ ಬನ್ನಿ. ಮಗನ ಅಥವಾ ಮಗಳ ಫೋನ್ ಸಂಖ್ಯೆಯನ್ನೂ ತನ್ನಿ. ಬಾಣಲೆಯ ಮಾತನ್ನು ನಿಮಗೆ ಆಡಲು ಸಂಕೋಚವಾದರೆ ನಾವೇ ಆಡುತ್ತೇವೆ.